ಹುಲಿಗೂ ಏಳು ಹಂತ, ಹಣ್ಣಿನ ನೊಣಕ್ಕೂ ಏಳೇ

ಹುಲಿ ಯಾವ ಗುಂಪಿನದು? ಜೀವವಿಜ್ಞಾನದ ಉತ್ತರ ಸ್ವಲ್ಪ ಉದ್ದ. ಪ್ರಾಣಿ ಸಾಮ್ರಾಜ್ಯ, ಬೆನ್ನುಮೂಳೆಯ ಪ್ರಾಣಿಗಳೆಲ್ಲ ಸೇರುವ ಕಾರ್ಡೇಟಾ ವಂಶ, ಸಸ್ತನಿ ವರ್ಗ, ಕಾರ್ನಿವೊರಾ ಗಣ, ಬೆಕ್ಕಿನ ಕುಟುಂಬ, ಪ್ಯಾಂಥೆರಾ ಜಾತಿ (ಜೀನಸ್), ಕೊನೆಗೆ ಪ್ಯಾಂಥೆರಾ ಟೈಗ್ರಿಸ್ ಎಂಬ ಪ್ರಭೇದ (ಸ್ಪೀಶೀಸ್). ಕೆಳಗಿಳಿದಂತೆ ಗುಂಪು ಚಿಕ್ಕದಾಗುತ್ತದೆ, ಹೋಲಿಕೆ ಜಾಸ್ತಿಯಾಗುತ್ತದೆ.

ಈ ಏಳೂ ಹಂತಗಳು ಒಂದೇ ಸಲ ಬಂದದ್ದಲ್ಲ. ಸ್ವೀಡನ್ನಿನ ವಿಜ್ಞಾನಿ ಕಾರ್ಲ್ ಲಿನೇಯಸ್ 1735ರಲ್ಲಿ ತಮ್ಮ ಪುಸ್ತಕದಲ್ಲಿ ಜೀವಿಗಳನ್ನು ಹಂತ ಹಂತವಾಗಿ ಜೋಡಿಸಿದಾಗ ಅದರಲ್ಲಿ ವಂಶವೂ ಇರಲಿಲ್ಲ, ಕುಟುಂಬವೂ ಇರಲಿಲ್ಲ. ಆದರೆ ಕಲ್ಲು, ಖನಿಜಗಳಿಗೂ ಒಂದು ಸಾಮ್ರಾಜ್ಯ ಇತ್ತು! ತಿಮಿಂಗಿಲ ಆಗ ಮೀನುಗಳ ಜೊತೆಗಿತ್ತು. ಅದೇ ಪುಸ್ತಕದ 1758ರ ಆವೃತ್ತಿಯಲ್ಲಿ ಲಿನೇಯಸ್ಸೇ ಅದನ್ನು ಸಸ್ತನಿಗಳಿಗೆ ಸೇರಿಸಿದರು. ವಂಶ ಎಂಬ ಹಂತ 1866ರಲ್ಲಿ ಜರ್ಮನಿಯ ಜೀವವಿಜ್ಞಾನಿ ಎರ್ನ್ಸ್ಟ್ ಹೆಕೆಲ್ ಅವರಿಂದ ಬಂತು. ಸಾಮ್ರಾಜ್ಯಕ್ಕಿಂತ ಮೇಲೆ ಡೊಮೈನ್ ಎಂಬ ಇನ್ನೊಂದು ಹಂತ ಇರಬೇಕೆಂದು ಅಮೆರಿಕದ ವಿಜ್ಞಾನಿ ಕಾರ್ಲ್ ವೋಸ್ ಮತ್ತು ಸಂಗಡಿಗರು ಹೇಳಿದ್ದು 1990ರಲ್ಲಿ. ಬೇಕಾದಾಗ ಹಂತ ಸೇರಿಸಿಕೊಂಡವರು ನಾವೇ.

ಹಾಗಾದರೆ ಇದೆಲ್ಲ ಸುಮ್ನೆ ಕಟ್ಟಿದ್ದಾ? ಪೂರ್ತಿ ಅಲ್ಲ. ಹುಲಿಗೂ ಸಿಂಹಕ್ಕೂ ಒಂದೇ ಪೂರ್ವಜ ಇದ್ದದ್ದು ನಿಜ. ಅವೆರಡಕ್ಕೂ ನಾಯಿ ದೂರದ ನೆಂಟ ಅನ್ನುವುದೂ ನಿಜ. ಡಿಎನ್‌ಎ ಹೋಲಿಸಿದರೆ ಈ ನೆಂಟಸ್ತಿಕೆ ಗೊತ್ತಾಗುತ್ತದೆ. ಆದರೆ ಎಷ್ಟು ಹತ್ತಿರದ ನೆಂಟರನ್ನು ಒಂದು ಜಾತಿ ಅನ್ನಬೇಕು, ಎಷ್ಟು ದೂರದವರನ್ನು ಒಂದು ಕುಟುಂಬ ಅನ್ನಬೇಕು ಎಂಬುದಕ್ಕೆ ಅಳತೆಗೋಲಿಲ್ಲ.

ಇಲ್ಲೇ ತಮಾಷೆ ಶುರು. ಜೀರುಂಡೆಗಳದು ಒಂದು ಗಣ. ಅದರಲ್ಲಿ ಈಗಾಗಲೇ ಹೆಸರಿಟ್ಟಿರುವ ಪ್ರಭೇದಗಳೇ ಸುಮಾರು 4 ಲಕ್ಷ. ಆಫ್ರಿಕಾದಲ್ಲಿ ಗೆದ್ದಲು ತಿಂದು ಬದುಕುವ ಆರ್ಡ್‌ವಾರ್ಕ್‌ನದೂ ಒಂದು ಗಣವೇ. ಅದರಲ್ಲಿ ಇಂದು ಉಳಿದಿರುವುದು ಆ ಒಂದೇ ಪ್ರಭೇದ. ಇನ್ನು ಮನುಷ್ಯ ಮತ್ತು ಚಿಂಪಾಂಜಿ ಬೇರೆಯಾಗಿ ಸುಮಾರು 60–70 ಲಕ್ಷ ವರ್ಷಗಳಾದವು. ನಮಗೆ ಬೇರೆ ಜಾತಿ, ಅವಕ್ಕೆ ಬೇರೆ. ಪ್ರಯೋಗಾಲಯಗಳಲ್ಲಿ ಸಾಕುವ ಹಣ್ಣಿನ ನೊಣ ಡ್ರೊಸೊಫಿಲಾ ಜಾತಿಯದು. ಆ ಜಾತಿಯೊಳಗೆ ಕೋಟಿಗಟ್ಟಲೆ ವರ್ಷಗಳ ಹಿಂದೆಯೇ ಬೇರೆಯಾದ ನೊಣಗಳಿವೆ, ಆದರೂ ಎಲ್ಲವೂ ಒಂದೇ ಜಾತಿ. ನೊಣಕ್ಕೊಂದು ನ್ಯಾಯ, ನಮಗೊಂದು ನ್ಯಾಯ, ಅಲ್ವಾ? ವಿಂಗಡಿಸುವ ಕೆಲಸ ನಮ್ಮ ಕೈಯಲ್ಲೇ ಇತ್ತಲ್ಲ!

ಮೊಸಳೆಯದು ಇನ್ನೊಂದು ಕಥೆ. ನೋಡಲು ಹಲ್ಲಿಯಂತೆ, ಆದರೆ ನೆಂಟಸ್ತಿಕೆಯಲ್ಲಿ ಹಕ್ಕಿಗೇ ಹತ್ತಿರ. ಹಲ್ಲಿ, ಮೊಸಳೆ ಎರಡೂ ಸರೀಸೃಪವಾದರೆ, ನೆಂಟಸ್ತಿಕೆಯ ಲೆಕ್ಕದಲ್ಲಿ ಹಕ್ಕಿಯೂ ಸರೀಸೃಪವೇ ಆಗಬೇಕು. ಪಠ್ಯಪುಸ್ತಕಗಳು ಮಾತ್ರ ಹಕ್ಕಿಗಳಿಗೆ ಬೇರೆ ವರ್ಗ ಕೊಡುತ್ತಲೇ ಇವೆ.

ಹಂತಗಳ ಗೊಡವೆಯೇ ಬೇಡ, ಪೂರ್ವಜರನ್ನು ನೋಡಿ ಗುಂಪಿಗೆ ಹೆಸರಿಡೋಣ ಎನ್ನುವವರೂ ಇದ್ದಾರೆ. ಅವರ ಫೈಲೋಕೋಡ್ ಎಂಬ ನಿಯಮಾವಳಿ 2020ರಲ್ಲಿ ಜಾರಿಗೆ ಬಂತು. ಆದರೂ ಹೊಸ ಜೀರುಂಡೆ ಸಿಕ್ಕಾಗ ಹೆಚ್ಚಿನವರು ಹುಡುಕುವುದು ಅದರ ಕುಟುಂಬ ಯಾವುದು, ಜಾತಿ ಯಾವುದು ಎಂದೇ.