ಹೋಲಿಕೆ ಶೇ. 0 ಎಂದು ಬಂದರೆ ಸಹಿ ಹಾಕುವ ಮೊದಲು

ಕನ್ನಡದ ಪಿಎಚ್.ಡಿ. ಮಹಾಪ್ರಬಂಧವೊಂದನ್ನು ಕೃತಿಚೌರ್ಯ ತಪಾಸಣೆಗೆ ಹಾಕಿದಾಗ ಹೋಲಿಕೆ ಶೇ. 0 ಎಂದು ಬಂದರೆ ಮಾರ್ಗದರ್ಶಕರು ಕೂಡಲೇ ಕೃತಿಚೌರ್ಯವಿಲ್ಲವೆಂಬ ಪ್ರಮಾಣಪತ್ರಕ್ಕೆ ಸಹಿ ಹಾಕಬಾರದು. ಮುನ್ನೂರು ಪುಟಗಳಲ್ಲಿ ವಚನ, ಶಾಸನ, ಹಿಂದಿನ ವಿದ್ವಾಂಸರ ಮಾತು ಇದ್ದೇ ಇರುತ್ತವೆ. ಒಂದು ಸಾಲೂ ಸಿಕ್ಕಿಲ್ಲವೆಂದರೆ ತಂತ್ರಾಂಶ ಆ ಪ್ರಬಂಧವನ್ನು ಓದಿಯೇ ಇಲ್ಲ ಎಂದು ಶಂಕಿಸಬೇಕು.

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ತೆರೆಯ ಮೇಲಷ್ಟೇ ಕನ್ನಡ. ಕಡತದೊಳಗೆ ‘ಕನ್ನಡ’ ಎಂಬ ಪದ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯೂ, ಕೊನೆಗೆ ಅದೇ ಎ ಎಂಬ ಏಳು ಗುರುತುಗಳಾಗಿ ಕೂತಿರುತ್ತದೆ. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿರುವ ಪಠ್ಯದೊಂದಿಗೆ ಇದು ಎಲ್ಲಿಯೂ ಹೊಂದುವುದಿಲ್ಲ.

ಪತ್ತೆ ಮಾಡಲು ಅರ್ಧ ನಿಮಿಷ ಸಾಕು. ವರ್ಡ್ ಕಡತದಿಂದ ಒಂದು ಪ್ಯಾರಾ ನಕಲಿಸಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಕನ್ನಡ ಹೋಗಿ ಚಿತ್ರವಿಚಿತ್ರ ಅಕ್ಷರ ಬಂದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಇಲ್ಲೇ ಹೆಚ್ಚು ಎಡವಟ್ಟಾಗುವುದು. ‘ಧರ್ಮ’ ಬರೆಯುವಾಗ ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು (‘ರ್’ ಸೂಚಿಸುವ ಗುರುತು) ‘ಮ’ದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಈ ಅದಲುಬದಲನ್ನು ತಪ್ಪಿದರೆ ಪದವೇ ಕೆಡುತ್ತದೆ. ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’ದಂಥ ಎರಡೆರಡು ಒತ್ತಿನ ಪದಗಳನ್ನು ಹುಡುಕಿ ನೋಡಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಪಠ್ಯವನ್ನು ನಕಲಿಸಿ ಪರಿವರ್ತಿಸಿದಾಗ ಅಡಿಟಿಪ್ಪಣಿಗಳು ಹಿಂದೆಯೇ ಉಳಿಯುತ್ತವೆ. ಪ್ರತಿ ಅಧ್ಯಾಯದ ಎರಡು ಪುಟವನ್ನಾದರೂ ಮುದ್ರಿತ ಪ್ರತಿಯ ಪಕ್ಕ ಇಟ್ಟು ಓದಿ. ತಪಾಸಣೆಗೆ ಪಿಡಿಎಫ್ ಬದಲು ವರ್ಡ್ ಕಡತವನ್ನೇ ಕೊಡಿ. ಪಿಡಿಎಫ್‌ನಿಂದ ಹೊರತೆಗೆದ ಕನ್ನಡದಲ್ಲಿ ಒತ್ತು, ಗುಣಿತಗಳು ಚೆದುರುವುದುಂಟು.

ಇಷ್ಟಾದ ಮೇಲೆ ಬರುವ ಅಂಕಿಗೆ ಬೆಲೆ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇ. 10ರಿಂದ 40ರ ನಡುವೆ ಇದ್ದರೆ ಆರು ತಿಂಗಳು ಮೀರದ ಗಡುವಿನೊಳಗೆ ತಿದ್ದಿ ಕೊಡಬೇಕು. 40ರಿಂದ 60ಕ್ಕೆ ತಿದ್ದಿದ ಪ್ರತಿಯನ್ನೂ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆಕರ ತಿಳಿಸಿದ ಉದ್ಧರಣೆ, ಗ್ರಂಥಋಣ, ಪರಿವಿಡಿ, ಮುನ್ನುಡಿ, ಕೃತಜ್ಞತೆಗಳು ಲೆಕ್ಕಕ್ಕಿಲ್ಲ. ಸಾಮಾನ್ಯ ತಿಳಿವಳಿಕೆಯ ಅಥವಾ ಆಕಸ್ಮಿಕವಾಗಿ ಕೂಡಿಬಂದ ಪದಗಳು ಸತತ 14ರವರೆಗೆ ಇದ್ದರೂ ವಿನಾಯಿತಿ ಉಂಟು. ಆದರೆ ಈ 14 ಕನ್ನಡಕ್ಕೆ ಸರಿಯಾದ ಅಳತೆ ಅಲ್ಲ. ‘ಮಾಡಬೇಕಾಗಿದ್ದುದರಿಂದ’ ಎಂಬುದು ನಮ್ಮಲ್ಲಿ ಒಂದೇ ಪದ, ಇಂಗ್ಲಿಷ್‌ನಲ್ಲಿ ನಾಲ್ಕೈದು. ನಮ್ಮ 14 ಪದಗಳಲ್ಲಿ ಎರಡು ಪೂರ್ಣ ವಾಕ್ಯ ಹಿಡಿಸುತ್ತವೆ. ಅಂಥ ವಿನಾಯಿತಿ ಕೊಡುವ ಮುನ್ನ ಆ ಸಾಲುಗಳನ್ನು ಕಣ್ಣಾರೆ ಓದುವುದೇ ಸರಿ.

ತಂತ್ರಾಂಶಕ್ಕೆ ಸುಲಭವಾಗಿ ಸಿಗದ ಕಳವು ಎರಡು ಬಗೆಯದು. ಒಂದು, ಇಂಗ್ಲಿಷ್ ಪುಸ್ತಕದ ಪುಟಗಳನ್ನು ಹೆಸರೆತ್ತದೆ ಕನ್ನಡಕ್ಕೆ ಇಳಿಸುವುದು. ಪ್ರಬಂಧದ ಶೈಲಿ ತಟ್ಟನೆ ಬದಲಾಗಿ ‘ಯಾವುದು... ಅದು’ ಎಂಬ ಉದ್ದುದ್ದ ವಾಕ್ಯಗಳು ಬರುವ ಕಡೆ ಇದನ್ನು ಹುಡುಕಬಹುದು.

ಇನ್ನೊಂದು, ಶಾಸನದ ಪಾಠವನ್ನು ಬೇರೊಬ್ಬರ ಲೇಖನದಿಂದ ಎತ್ತಿ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾವನ್ನೇ ನೋಡಿದಂತೆ ಅಡಿಟಿಪ್ಪಣಿ ಹಾಕುವುದು. ಇದು ಹೆಚ್ಚು ಹಾನಿಕರ, ಏಕೆಂದರೆ ಮೊದಲ ಲೇಖಕರ ತಪ್ಪು ಓದು ಒಂದು ಪ್ರಬಂಧದಿಂದ ಇನ್ನೊಂದಕ್ಕೆ ಸಾಗುತ್ತಲೇ ಇರುತ್ತದೆ. ಶ್ರವಣಬೆಳಗೊಳದ ಸಂಪುಟವನ್ನೇ ತೆಗೆದುಕೊಳ್ಳಿ. ಸಂಪಾದಕ ಬಿ.ಎಲ್. ರೈಸ್ ಅವರ 1889ರ ಆವೃತ್ತಿಯಲ್ಲಿ 144 ಶಾಸನಗಳಿದ್ದವು, ನರಸಿಂಹಾಚಾರ್ಯರ 1923ರದರಲ್ಲಿ 500, ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ 1973ರದರಲ್ಲಿ 573. ಒಂದೇ ಶಾಸನಕ್ಕೆ ಮೂರರಲ್ಲೂ ಬೇರೆ ಬೇರೆ ಸಂಖ್ಯೆ ಇರುವುದುಂಟು. ಗ್ರಂಥಋಣದಲ್ಲಿ 1973ರ ಆವೃತ್ತಿ ಇದ್ದು ಅಡಿಟಿಪ್ಪಣಿಯಲ್ಲಿ ಹಳೆಯ ಸಂಖ್ಯೆ ಇದ್ದರೆ ಸಂಪುಟ ತೆರೆದೇ ಇಲ್ಲವೆಂಬ ಅನುಮಾನಕ್ಕೆ ಅಷ್ಟು ಸಾಕು. ಇದನ್ನು ಮೌಖಿಕ ಪರೀಕ್ಷೆಯವರೆಗೆ ತಳ್ಳಬೇಡಿ. ಕರಡು ಕೈಗೆ ಬಂದ ದಿನವೇ ಹತ್ತು ಅಡಿಟಿಪ್ಪಣಿಗಳನ್ನು ಗುರುತು ಹಾಕಿ, ಆ ಸಂಪುಟಗಳನ್ನು ಗ್ರಂಥಾಲಯದಿಂದ ತರಿಸಿ, ಸಂಶೋಧನಾರ್ಥಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೇ ತಾಳೆ ನೋಡಿ.