ಸ್ಟೆಪ್ ಆಮೇಲೆ, ಮೊದಲು ಜೊತೆಯಾಗಿ ನಡೆಯಿರಿ

ಮೈಸೂರಿನ ಕುವೆಂಪುನಗರದಲ್ಲಿ ನಾನು ಡ್ಯಾನ್ಸ್ ಹೇಳಿಕೊಡುತ್ತೇನೆ. ಆಷಾಢ ಮುಗಿದು ಶ್ರಾವಣ ಬರುತ್ತಿದ್ದಂತೆ ಫೋನ್ ಶುರುವಾಗುತ್ತದೆ. "ಮೇಡಂ, ಮುಂದಿನ ವಾರ ರಿಸೆಪ್ಷನ್. ನಾಲ್ಕೇ ನಾಲ್ಕು ಸ್ಟೆಪ್ ಹೇಳಿಕೊಡಿ, ಸಾಕು." ಮದುವೆಯಾಗುವ ಹುಡುಗ, ಹುಡುಗಿ ಇಬ್ಬರೂ ಯಾವತ್ತೂ ಕುಣಿದವರಲ್ಲ. ಮೊಬೈಲಿನಲ್ಲಿ ಒಂದು ವಿಡಿಯೊ ಇರುತ್ತದೆ, ಅದೇ ಥರ ಬೇಕು.

ಮೊದಲ ಕ್ಲಾಸಿನಲ್ಲಿ ನಾನು ಸ್ಟೆಪ್ ಹೇಳಿಕೊಡುವುದೇ ಇಲ್ಲ. ಎದುರುಬದುರು ನಿಲ್ಲಿಸಿ, ಅಂಗೈಗೆ ಅಂಗೈ ತಾಗಿಸಿ, ಹಾಡಿಲ್ಲದೆ ಸುಮ್ನೆ ನಡೆಸುತ್ತೇನೆ. ಅವನು ಮುಂದೆ ಬಂದರೆ ಅವಳು ಹಿಂದೆ, ಅವಳು ಬಂದರೆ ಅವನು. ಸುಲಭ ಅನಿಸುತ್ತದೆ ಅಲ್ವಾ? ಎರಡು ನಿಮಿಷದಲ್ಲಿ ಇಬ್ಬರೂ ತಲೆ ಬಗ್ಗಿಸಿ ಕಾಲು ನೋಡಲು ಶುರು ಮಾಡುತ್ತಾರೆ. ಆಗ ನಾನು ಮಂಡ್ಯ ಕಡೆಯ ಕೋಲಾಟದ ಮಾತು ತೆಗೆಯುತ್ತೇನೆ. ಕೋಲಾಟ ಆಡುವವರು ಕೋಲು ನೋಡುತ್ತಾ ಕೂರುವುದಿಲ್ಲ, ಎದುರಿಗಿರುವವರನ್ನು ನೋಡುತ್ತಾರೆ. ಕೋಲು ತಾನಾಗಿಯೇ ಬಂದು ತಾಗುತ್ತದೆ. ಕಾಲೂ ಹಾಗೆಯೇ.

ಇನ್ನು ತಾಳ. ವಿಡಿಯೊದಲ್ಲಿ ನೋಡಿದ್ದು ಹೆಚ್ಚಾಗಿ ವಾಲ್ಟ್ಜ್, ಅಂದರೆ ಜೋಡಿಯಾಗಿ ಕುಣಿಯುವ ಒಂದು ಪಾಶ್ಚಾತ್ಯ ನೃತ್ಯ. ಅದು ಮೂರರ ಎಣಿಕೆ, ಮೊದಲನೆಯದಕ್ಕೆ ಒತ್ತು. ಸ್ಪರ್ಧೆಗಳಲ್ಲಿ ನಿಮಿಷಕ್ಕೆ 84ರಿಂದ 90 ಬೀಟ್ ಇರುತ್ತದೆ. ವಿಯೆನ್ನೀಸ್ ವಾಲ್ಟ್ಜ್ ಇದರ ಎರಡರಷ್ಟು ವೇಗ, ಹೊಸಬರಿಗೆ ಖಂಡಿತ ಬೇಡ. ನಿಮಗಿಷ್ಟವಾದ ಹಾಡು ಮೂರರದೋ ನಾಲ್ಕರದೋ ಎಂದು ತಿಳಿಯಲು ಹಾಡಿನ ಜೊತೆ ಬಾಯಲ್ಲಿ ಹೇಳಿ ನೋಡಿ. "ತಕಿಟ ತಕಿಟ" ಕೂತರೆ ವಾಲ್ಟ್ಜ್ ಆಗುತ್ತದೆ. "ತಕಧಿಮಿ" ಕೂತರೆ ವಾಲ್ಟ್ಜ್ ಬಿಡಿ. ಪಕ್ಕಕ್ಕೆ ಒಂದು ಹೆಜ್ಜೆ, ಸೇರಿಸಿ, ಮತ್ತೆ ಈ ಪಕ್ಕಕ್ಕೆ. ಅದೂ ಚೆಂದವೇ. ಹಾಡು ಎರಡು ನಿಮಿಷಕ್ಕಿಂತ ಜಾಸ್ತಿ ಬೇಡ.

ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಡುವುದು ಸೀರೆ. ಒಂದು ಹುಡುಗಿ ಕ್ಲಾಸಿಗೆಲ್ಲ ಚೂಡಿದಾರದಲ್ಲೇ ಬಂದು ಚೆನ್ನಾಗಿ ಕಲಿತಳು. ಕೊನೆಯ ದಿನ ಅಮ್ಮನ ಮೈಸೂರು ಸಿಲ್ಕ್ ಉಟ್ಟು ಬಂದಳು. ಮೂರನೇ ಹೆಜ್ಜೆಗೇ ಹುಡುಗನ ಬೂಟು ಅವಳ ನೆರಿಗೆಯ ಮೇಲೆ. ಸೊಂಟಕ್ಕೆ ಸಿಕ್ಕಿಸಿದ್ದ ನೆರಿಗೆ ಅರ್ಧ ಕಿತ್ತು ಬಂತು. ಅವಳು ಎರಡೂ ಕೈಯಲ್ಲಿ ನೆರಿಗೆ ಹಿಡಿದು ನಿಂತುಬಿಟ್ಟಳು, ಅವನ ಮುಖ ಬಿಳುಚಿಕೊಂಡಿತ್ತು. ತಪ್ಪು ನನ್ನದು, ಮೊದಲ ವಾರದಲ್ಲೇ ಸೀರೆ ಉಡಿಸಬೇಕಿತ್ತು. ಅಂದಿನಿಂದ ಸೀರೆಯವರಿಗೆ ಹಿಂದೆ-ಮುಂದೆ ಹೋಗುವ ಹೆಜ್ಜೆ ಕಡಿಮೆ ಮಾಡಿ, ಪಕ್ಕದ ಹೆಜ್ಜೆ ಜಾಸ್ತಿ ಮಾಡಿದ್ದೇನೆ. ಆವತ್ತು ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು, ನೆಲದಿಂದ ಒಂದು ಇಂಚು ಮೇಲಕ್ಕೆ ಸೀರೆ ಉಡಿ. ನೆರಿಗೆಯನ್ನು ಒಳಗಿನಿಂದ ಲಂಗಕ್ಕೆ ಸೇರಿಸಿ ಪಿನ್ ಹಾಕಿ. ಮೈಸೂರು ಸಿಲ್ಕ್ ಮೆತ್ತಗೆ ಇರುವುದರಿಂದ ಬೇಗ ಜಾರುತ್ತದೆ.

ಜಡೆಯೂ ಅಷ್ಟೇ. ಮೊಗ್ಗಿನ ಜಡೆ ಬೆನ್ನ ಮೇಲಿದ್ದರೆ ಹುಡುಗನ ಕಡಗವೋ ವಾಚೋ ಸಿಕ್ಕಿಕೊಳ್ಳುತ್ತದೆ. ಜಡೆಯನ್ನು ಮುಂದಕ್ಕೆ ಹಾಕಿಕೊಳ್ಳಿ. ಅವನ ಬಲಗೈ ಸೊಂಟದ ಮೇಲಲ್ಲ, ಅವಳ ಎಡ ಹೆಗಲಮೂಳೆಯ ಕೆಳಗೆ ಇರಲಿ. ತಿರುಗಿಸುವಾಗ ಬೆರಳನ್ನು ಬಿಗಿಯಾಗಿ ಹಿಡಿಯಬಾರದು, ಅವಳ ಬೆರಳು ಅವನ ಕೈಯೊಳಗೆ ಸಲೀಸಾಗಿ ತಿರುಗಬೇಕು. ಇಲ್ಲದಿದ್ದರೆ ಮಣಿಕಟ್ಟು ಉಳುಕುತ್ತದೆ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ರಿಸೆಪ್ಷನ್ ಮುಹೂರ್ತದ ಹಿಂದಿನ ಸಂಜೆಯೇ ನಡೆಯುತ್ತದೆ. ತಾಳಿ ಇನ್ನೂ ಕಟ್ಟಿರುವುದಿಲ್ಲ. ಹಿರಿಯರಿಗೆ ಇರಿಸುಮುರಿಸು ಆಗುವುದು ಸಹಜ, ಅದಕ್ಕೆ ಜಗಳ ಬೇಡ. ಕೈ ಮಾತ್ರ ಹಿಡಿದು, ತೋಳುದ್ದ ದೂರ ನಿಂತರೂ ಇದೇ ಹೆಜ್ಜೆಗಳೆಲ್ಲ ಬರುತ್ತವೆ. ಒಮ್ಮೆ ಹುಡುಗಿಯ ಅಜ್ಜಿ ಕ್ಲಾಸಿಗೆ ಬಂದು ಕೂತಿದ್ದರು. "ಯಾವ ಕಾಲು ಮೊದಲು?" ಎಂದು ಕೇಳಿದರು. ವಾಲ್ಟ್ಜಿನಲ್ಲಿ ಸಾಮಾನ್ಯವಾಗಿ ಹುಡುಗ ಎಡಗಾಲಿನಿಂದ, ಹುಡುಗಿ ಬಲಗಾಲಿನಿಂದ ಶುರು ಮಾಡುತ್ತಾರೆ ಎಂದೆ. "ನಮ್ಮ ಹುಡುಗಿ ಬಲಗಾಲೇ ತಾನೇ? ಹಾಗಾದ್ರೆ ಸರಿ ಬಿಡವ್ವ" ಎಂದು ಎಲೆಅಡಿಕೆ ಚೀಲ ಬಿಚ್ಚಿದರು.

ಛತ್ರಕ್ಕೆ ಒಂದು ಸಲ ಮೊದಲೇ ಹೋಗಿ ಬನ್ನಿ. ಸ್ಟೇಜಿಗೆ ಕಾರ್ಪೆಟ್ ಹಾಸಿದ್ದರೆ ಕಾಲು ಜಾರಿ ತಿರುಗುವುದಿಲ್ಲ, ಮಂಡಿ ತಿರುಚುತ್ತದೆ. ಅಲ್ಲಿ ಸುತ್ತುವ ಬದಲು ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು ತಿರುಗಿ. ಮೈಕಿನ ವೈರು ಎಲ್ಲಿದೆ ನೋಡಿಕೊಳ್ಳಿ. ಮದುವೆಗೆ ಆರು ವಾರ ಇರುವಾಗಲೇ ಫೋನ್ ಮಾಡಿ. ಬರುವಾಗ ಒಂದು ಹಳೇ ಸೀರೆ ತನ್ನಿ.