ಇಡೀ ತರಗತಿಗೆ ಒಂದೇ ಟೆಸ್ಟ್

2021ರ ಮೇ ತಿಂಗಳು. ಜರ್ಮನಿಯ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ ಕೊರೊನಾ ಪತ್ತೆಗೆ ಬೆಳಗ್ಗೆ ಬೆಳಗ್ಗೆ ಒಂದು ಹೊಸ ಕೆಲಸ ಶುರುವಾಯಿತು. ಮಕ್ಕಳೆಲ್ಲ ತಲೆಗೊಂದು ಹತ್ತಿ ಸುತ್ತಿದ ಕಡ್ಡಿಯನ್ನು ಬಾಯಿಗಿಟ್ಟುಕೊಂಡು ಚೀಪುವುದು. ಮೂವತ್ತು ಸೆಕೆಂಡ್ ಆದ ಮೇಲೆ ಒಬ್ಬೊಬ್ಬರಾಗಿ ಬಂದು ಕಡ್ಡಿಯನ್ನು ಒಂದು ಕೊಳವೆಗೆ ಹಾಕುವುದು. ಇಡೀ ತರಗತಿಗೆ ಒಂದೇ ಕೊಳವೆ. ಹೀಗೆ ವಾರಕ್ಕೆ ಎರಡು ಸಲ.

ಲಾಲಿಪಾಪ್ ಚೀಪಿದ ಹಾಗೇ ಇರುವುದರಿಂದ ಇದಕ್ಕೆ 'ಲೊಲ್ಲಿ ಟೆಸ್ಟ್' ಅಂತ ಹೆಸರು. ರೂಪಿಸಿದ್ದು ಕಲೋನ್ ವಿಶ್ವವಿದ್ಯಾಲಯದ ಆಸ್ಪತ್ರೆಯವರು. ಕೊರೊನಾ ಕಾಲದ ಎಷ್ಟೋ ಉಪಾಯಗಳ ನಡುವೆ ನನಗೆ ತುಂಬಾ ಇಷ್ಟವಾದದ್ದು ಇದೇ. ಮೂಗಿನೊಳಗೆ ಉದ್ದ ಕಡ್ಡಿ ಹೋದಾಗ ಕಣ್ಣಲ್ಲಿ ನೀರು ಬರುತ್ತಿದ್ದದ್ದು ನಮಗೆಲ್ಲ ನೆನಪಿದೆ, ಅಲ್ವಾ? ಆರು ವರ್ಷದ ಮಗುವಿಗೆ ವಾರಕ್ಕೆರಡು ಸಲ ಅದನ್ನೇ ಮಾಡಿಸಿಕೋ ಅಂದರೆ ಹೇಗೆ? ಹಾಗಂತ ಟೆಸ್ಟ್ ಬಿಡುವಂತೆಯೂ ಇರಲಿಲ್ಲ. ಸೋಂಕು ತಗುಲಿದ ಎಷ್ಟೋ ಮಕ್ಕಳಿಗೆ ಜ್ವರವೂ ಬರುವುದಿಲ್ಲ, ಕೆಮ್ಮೂ ಇರುವುದಿಲ್ಲ. ಗೇಟಿನಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದರೆ ಅಂಥವರು ಸಿಗುವುದೇ ಇಲ್ಲ.

ಇನ್ನು ಲೆಕ್ಕ ನೋಡಿ. ಸಾವಿರ ಮಕ್ಕಳಿದ್ದಾರೆ, 25 ಮಕ್ಕಳ 40 ತರಗತಿಗಳು ಅಂದುಕೊಳ್ಳೋಣ. ಸಾವಿರದಲ್ಲಿ ಒಂದೇ ಮಗುವಿಗೆ ಸೋಂಕು. ಮೊದಲು 40 ಕೊಳವೆಗಳಿಗೆ ಪಿಸಿಆರ್ ಮಾಡುತ್ತಾರೆ. ಪಾಸಿಟಿವ್ ಬರುವುದು ಒಂದು ಮಾತ್ರ. ಆ ತರಗತಿಯ 25 ಮಕ್ಕಳಿಗೆ ಮಾತ್ರ ಬೇರೆ ಬೇರೆ ಟೆಸ್ಟ್. ಒಟ್ಟು 65. ಸಾವಿರ ಟೆಸ್ಟ್ ಬೇಕಾಗಿದ್ದ ಕಡೆ ಬರೀ 65!

25 ಮಕ್ಕಳ ಎಂಜಲು ಒಟ್ಟಿಗೆ ಸೇರಿದರೆ ಒಂದು ಮಗುವಿನ ವೈರಸ್ ತೆಳುವಾಗಿಬಿಡುವುದಿಲ್ಲವೇ? ದ್ರವಗಳನ್ನು ಬೆರೆಸಿದರೆ ಆಗುತ್ತದೆ. ಇಲ್ಲಿ ಬೆರೆಸುವುದು ಕಡ್ಡಿಗಳನ್ನು. ಎಲ್ಲ ಕಡ್ಡಿಗಳೂ ಅದೇ ಸ್ವಲ್ಪ ದ್ರವದಲ್ಲಿ ನೆನೆಯುತ್ತವೆ. ಹಾಗಾಗಿ ಒಂದೇ ಕಡ್ಡಿ ಇದ್ದಿದ್ದರೆ ಎಷ್ಟು ವೈರಸ್ ಇಳಿಯುತ್ತಿತ್ತೋ, ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಆಮೇಲೆ ಪಿಸಿಆರ್ ಯಂತ್ರ ಸುತ್ತು ಸುತ್ತಿಗೂ ಅದರ ತುಣುಕನ್ನು ದುಪ್ಪಟ್ಟು ಮಾಡುತ್ತಾ ಹೋಗುತ್ತದೆ. ಇವತ್ತು ತಪ್ಪಿಸಿಕೊಂಡ ಸೋಂಕು ಎರಡು ದಿನ ಬಿಟ್ಟು ಮತ್ತೆ ಚೀಪಿದಾಗ ಸಿಕ್ಕಿಬೀಳುವ ಸಾಧ್ಯತೆ ಜಾಸ್ತಿ.

ಹೀಗೆ ಒಟ್ಟುಗೂಡಿಸಿ ಪರೀಕ್ಷಿಸುವ ಉಪಾಯ ಹಳೆಯದು. 1943ರಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ಡಾರ್ಫ್‌ಮನ್ ಅಮೆರಿಕದ ಸೇನೆಗೆ ಸೇರುವವರಲ್ಲಿ ಸಿಫಿಲಿಸ್ ಎಂಬ ಲೈಂಗಿಕ ರೋಗದ ಪರೀಕ್ಷೆಗಾಗಿ ಇದೇ ಲೆಕ್ಕ ಹಾಕಿದ್ದರು. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ 2020ರ ಏಪ್ರಿಲ್‌ನಲ್ಲಿ ಐದು ಮಾದರಿಗಳವರೆಗೆ ಸೇರಿಸಿ ಪರೀಕ್ಷಿಸಲು ಹೇಳಿತ್ತು. ಆದರೆ ಒಂದು ಷರತ್ತು ಇತ್ತು: ನೂರಕ್ಕೆ ಐದಕ್ಕಿಂತ ಹೆಚ್ಚು ಪಾಸಿಟಿವ್ ಇರುವ ಕಡೆ ಬೇಡ.

ಯಾಕೆ ಬೇಡ? ಅದೇ ಸಾವಿರ ಮಕ್ಕಳಲ್ಲಿ ಹತ್ತು ಜನಕ್ಕೆ ಸೋಂಕಿದ್ದರೆ ಸುಮಾರು 9 ತರಗತಿಗಳು ಪಾಸಿಟಿವ್ ಆಗುತ್ತವೆ. ಟೆಸ್ಟ್‌ಗಳು 260ರ ಆಸುಪಾಸು. ಪರವಾಗಿಲ್ಲ. ನೂರು ಜನಕ್ಕೆ ಇದ್ದರೆ? 40ರಲ್ಲಿ 37 ತರಗತಿಗಳು ಪಾಸಿಟಿವ್. ಸಾವಿರದ ಹತ್ತಿರ ಹತ್ತಿರ ಟೆಸ್ಟ್ ಮಾಡಬೇಕು. ಉಳಿತಾಯವೆಲ್ಲ ಹೋಯಿತು.

2022ರ ಜನವರಿಯಲ್ಲಿ ಒಮಿಕ್ರಾನ್ ಹಬ್ಬಿದಾಗ ಆಗಿದ್ದು ಇದೇ. ಅಷ್ಟರಲ್ಲಿ ಜರ್ಮನಿಯ ಆ ಶಾಲೆಗಳಲ್ಲಿ ಪ್ರತಿ ಮಗುವಿನಿಂದ ಎರಡು ಕಡ್ಡಿ ತೆಗೆದುಕೊಳ್ಳುವುದು ಶುರುವಾಗಿತ್ತು. ಒಂದು ತರಗತಿಯ ಕೊಳವೆಗೆ, ಇನ್ನೊಂದು ಮಗುವಿನದೇ ಕೊಳವೆಗೆ. ಪಾಸಿಟಿವ್ ಬಂದರೆ ಮಗು ಮತ್ತೆ ಕಡ್ಡಿ ಚೀಪಬೇಕಿಲ್ಲ ಅನ್ನುವ ಒಳ್ಳೆಯ ಯೋಚನೆ. ಆದರೆ ಕೊಳವೆ ಮೇಲೆ ಕೊಳವೆ ಪಾಸಿಟಿವ್ ಬರತೊಡಗಿ ಲ್ಯಾಬ್‌ಗಳು ಕೈಚೆಲ್ಲಿದವು. ತಿಂಗಳ ಕೊನೆಗೆ ಆ ಎರಡನೇ ಕೊಳವೆಗಳನ್ನು ಪರೀಕ್ಷಿಸುವುದನ್ನೇ ನಿಲ್ಲಿಸಬೇಕಾಯಿತು. ಪಾಸಿಟಿವ್ ಬಂದ ತರಗತಿಯ ಮಕ್ಕಳಲ್ಲಿ ಸೋಂಕು ಯಾರಿಗೆ ಅಂತ ಹುಡುಕುವ ಕೆಲಸ ರ್‍ಯಾಪಿಡ್ ಟೆಸ್ಟ್‌ಗಳ ಪಾಲಿಗೆ ಬಂತು. ಮಕ್ಕಳು ಮತ್ತೆ ಮೂಗಿಗೆ ಕಡ್ಡಿ ಹಾಕಿಕೊಂಡು ಕೂತರು.